ಕಾಲು ಕೆಜಿಗೆ ಒಂದು ಗ್ರಾಂ ಕಮ್ಮಿ

ಮದುವೆಗೆ ಹೋಗಿ, ಜಾತ್ರೆಗೆ ಹೋಗಿ, ತಲೆ ಮೇಲೆ ಒಂದು ಪುಟ್ಟ ಡ್ರೋನ್ ಗುಂಯ್‌ಗುಡುತ್ತಿರುತ್ತದೆ. ಅಂಥ ಸಣ್ಣ ಡ್ರೋನಿನ ಡಬ್ಬಿ ಮೇಲೆ, ಕೆಲವದರ ಮೈಮೇಲೇ, '249 ಗ್ರಾಂ' ಎಂದು ಅಚ್ಚು ಹಾಕಿರುತ್ತಾರೆ. 250 ಅಲ್ಲ, 249.

ಅಂಗಡಿಯಲ್ಲಿ ಕಾಲು ಕೆಜಿ ಬೆಲ್ಲ ತಗೊಂಡರೆ ಒಂದು ಗ್ರಾಂ ಹೆಚ್ಚುಕಮ್ಮಿಗೆ ಯಾರೂ ಜಗಳ ತೆಗೆಯುವುದಿಲ್ಲ. ಡ್ರೋನ್ ಮಾಡುವವರು ಮಾತ್ರ ಆ ಒಂದು ಗ್ರಾಮಿಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಯಾಕೆ? ಆ ಕಥೆ ತಿಳಿಯಲು 2015ಕ್ಕೆ ಹೋಗಬೇಕು.

ಎರಡು ಡ್ರೋನ್, ಎರಡು ರಾಜಧಾನಿ

2015ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ವೈಟ್‌ಹೌಸ್ ಅಂಗಳದಲ್ಲಿ ಒಂದು ಡ್ರೋನ್ ಬಂದು ಬಿತ್ತು. ಹಾರಿಸುತ್ತಿದ್ದವರ ಹಿಡಿತ ತಪ್ಪಿ ಬಿದ್ದದ್ದು ಅದು. ಏಪ್ರಿಲ್‌ನಲ್ಲಿ ಜಪಾನಿನ ಪ್ರಧಾನಿ ಕಚೇರಿಯ ಚಾವಣಿ ಮೇಲೆ ಇನ್ನೊಂದು ಸಿಕ್ಕಿತು. ಅದರಲ್ಲಿ ವಿಕಿರಣ ಸೂಸುವ ಮರಳಿತ್ತು.

ಎರಡೂ ಸರ್ಕಾರಗಳು ಬೆಚ್ಚಿದವು. ಜಪಾನ್ ವಿಮಾನ ಕಾಯ್ದೆಯನ್ನೇ ತಿದ್ದಿ, 200 ಗ್ರಾಂ ಮತ್ತು ಅದಕ್ಕಿಂತ ಭಾರದ ಡ್ರೋನ್‌ಗಳನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಯ್ದೆಯೊಳಗೆ ತಂದಿತು. ಅಮೆರಿಕ, ಡ್ರೋನ್ ಇರುವವರೆಲ್ಲ ಹೆಸರು ನೋಂದಾಯಿಸಬೇಕು ಎಂದಿತು. ಆದರೆ ಮಕ್ಕಳ ಆಟಿಕೆಯನ್ನೂ ನೋಂದಾಯಿಸಬೇಕೇ? ಗೆರೆ ಎಲ್ಲಿ ಎಳೆಯುವುದು? ಅದನ್ನು ಹೇಳಲು ಡ್ರೋನ್ ಕಂಪನಿ, ಪೈಲಟ್ ಸಂಘ, ಅಂಗಡಿಯವರನ್ನೆಲ್ಲ ಸೇರಿಸಿ ಒಂದು ಸಮಿತಿ ಮಾಡಿದರು. ನವೆಂಬರ್‌ನಲ್ಲಿ ಸಮಿತಿ ವರದಿ ಕೊಟ್ಟಿತು. ಕಾಲು ಕೆಜಿ ಎಂಬ ಗೆರೆ ಬಂದದ್ದು ಅದರಿಂದ.

ತೆಂಗಿನಕಾಯಿ ಲೆಕ್ಕ

ಸಮಿತಿ ಕೇಳಿಕೊಂಡ ಪ್ರಶ್ನೆ ಸರಳ: ಡ್ರೋನ್ ಕೆಟ್ಟು ಯಾರದೋ ತಲೆ ಮೇಲೆ ಬಿದ್ದರೆ ಏನಾಗುತ್ತದೆ?

250 ಗ್ರಾಂ ತೂಕದ ಡ್ರೋನ್ ಎತ್ತರದಿಂದ ಬೀಳುವಾಗ, ಗಾಳಿಯ ತಡೆ ಕಳೆದು, ಸೆಕೆಂಡಿಗೆ ಸುಮಾರು 25 ಮೀಟರ್ ವೇಗ ಮುಟ್ಟುತ್ತದೆ. ಅಂದರೆ ಗಂಟೆಗೆ 90 ಕಿಲೋಮೀಟರ್. ಆ ಹೊಡೆತದ ಶಕ್ತಿ ಸುಮಾರು 80 ಜೌಲ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಕೆಜಿಯ ತೆಂಗಿನಕಾಯಿ ಎಂಟು ಮೀಟರ್ ಎತ್ತರದ ಮರದಿಂದ ಬಿದ್ದಷ್ಟು. ಅಷ್ಟು ಶಕ್ತಿಯ ಏಟು ಬಿದ್ದರೆ ಜೀವ ಹೋಗುವ ಸಾಧ್ಯತೆ ಶೇ. 30 ಎಂದು ಸಮಿತಿ ಹಿಡಿಯಿತು. ಜೊತೆಗೆ ಡ್ರೋನ್ ಎಷ್ಟು ಗಂಟೆಗೊಮ್ಮೆ ಕೆಡಬಹುದು, ಕೆಳಗೆ ಎಷ್ಟು ಜನ ಬಯಲಲ್ಲಿ ಇರಬಹುದು ಎಂಬುದನ್ನೆಲ್ಲ ಗುಣಿಸಿತು. 2 ಕೋಟಿ ಗಂಟೆ ಹಾರಾಟಕ್ಕೆ ಒಂದು ಸಾವೂ ಬಾರದು ಎಂಬ ಉತ್ತರ ಬಂತು.

ಇಲ್ಲಿ ಒಂದು ಮಾತು ನೆನಪಿಡಿ. 250 ಗ್ರಾಂ ಡ್ರೋನ್ ಬಿದ್ದರೆ ಏನೂ ಆಗುವುದಿಲ್ಲ ಎಂದು ಸಮಿತಿ ಹೇಳಲಿಲ್ಲ. ಬಿದ್ದು ತಲೆಗೇ ತಾಗುವುದು ಬಲು ಅಪರೂಪ ಎಂದಷ್ಟೇ ಹೇಳಿತು. ಅದೂ ಹೆಸರು ನೋಂದಣಿಗಾಗಿ ಹಾಕಿದ ಲೆಕ್ಕ. ಮುಂದೆ ಅದೇ ಅಂಕಿಯನ್ನು ಯುರೋಪೂ ತನ್ನ ನಿಯಮದಲ್ಲಿ ಇಟ್ಟುಕೊಂಡಿತು, ನಮ್ಮ ದೇಶವೂ ಇಟ್ಟುಕೊಂಡಿತು.

ನಮ್ಮಲ್ಲಿಗೆ ಬಂದದ್ದು

2014ರ ಅಕ್ಟೋಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಖಾಸಗಿ ಡ್ರೋನ್ ಹಾರಾಟವನ್ನೇ ನಿಲ್ಲಿಸಿತ್ತು. 2018ರ ಡಿಸೆಂಬರ್ 1ರಿಂದ ಹೊಸ ನಿಯಮ ಬಂತು. 250 ಗ್ರಾಂವರೆಗೆ 'ನ್ಯಾನೊ', 2 ಕೆಜಿವರೆಗೆ 'ಮೈಕ್ರೊ', 25 ಕೆಜಿವರೆಗೆ 'ಸ್ಮಾಲ್' ಎಂದು ಡ್ರೋನ್‌ಗಳನ್ನು ತೂಕದ ಮೇಲೆ ವಿಂಗಡಿಸಿದರು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳಲ್ಲೂ ಈ ವಿಂಗಡಣೆ ಉಳಿಯಿತು. ನ್ಯಾನೊ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ.

ಇಂಥ ಗೆರೆ ನಮಗೆ ಹೊಸದಲ್ಲ. 25 ಕಿಲೋಮೀಟರ್ ವೇಗ, 250 ವಾಟ್ ಮೋಟಾರ್ ಮೀರದ ಎಲೆಕ್ಟ್ರಿಕ್ ಸ್ಕೂಟರ್‌ಗೆ ಲೈಸೆನ್ಸ್ ಬೇಡ ಎಂಬುದು ಗೊತ್ತಲ್ಲ? ಗೆರೆ ಎಳೆದ ಕೂಡಲೇ ಗೆರೆಯೊಳಗೆ ಹಿಡಿಸುವ ಮಾಲು ತಯಾರಾಗುತ್ತದೆ. ಡ್ರೋನ್‌ನಲ್ಲಿ ಆದದ್ದೂ ಅದೇ.

ತೂಕ ಇಳಿಸಿದ ಬಗೆ

2019ರ ಅಕ್ಟೋಬರ್‌ನಲ್ಲಿ ಚೀನಾದ ಡಿಜೆಐ ಕಂಪನಿ ಮ್ಯಾವಿಕ್ ಮಿನಿ ಬಿಟ್ಟಿತು. ತೂಕ 249 ಗ್ರಾಂ, ಹಾರಾಟ 30 ನಿಮಿಷ. ಜಪಾನಿನಲ್ಲಿ ಗೆರೆ 200ಕ್ಕೆ ಇತ್ತಲ್ಲ, ಅಲ್ಲಿಗೆಂದೇ 199 ಗ್ರಾಂ ಮಾದರಿ ಮಾಡಿತು. ಡ್ರೋನ್ ಅದೇ, ಬ್ಯಾಟರಿ ಮಾತ್ರ ಚಿಕ್ಕದು. 50 ಗ್ರಾಂ ಇಳಿಸಿದ್ದಕ್ಕೆ ಹಾರಾಟ 18 ನಿಮಿಷಕ್ಕೆ ಇಳಿಯಿತು. 2022ರ ಜೂನ್‌ನಲ್ಲಿ ಜಪಾನ್ ಗೆರೆಯನ್ನು 100 ಗ್ರಾಂಗೆ ತಂದಿತು. 199ರ ಲಾಭ ಅಲ್ಲಿಗೆ ಮುಗಿಯಿತು.

ಡ್ರೋನ್ ಕೈಯಾರೆ ಕಟ್ಟುವ ಹವ್ಯಾಸಿಗಳು ಇನ್ನೂ ಮುಂದೆ ಹೋದರು. ಉದ್ದದ ವೈರ್ ಕತ್ತರಿಸಿದರು, ಉಕ್ಕಿನ ಸ್ಕ್ರೂ ತೆಗೆದು ಹಗುರದ್ದು ಹಾಕಿದರು. ಗೋಪ್ರೊ ಕ್ಯಾಮೆರಾದ ಕವಚ, ಪರದೆ, ಬ್ಯಾಟರಿ ಎಲ್ಲ ಕಿತ್ತು, ಒಳಗಿನ ಬೋರ್ಡ್ ಮತ್ತು ಲೆನ್ಸನ್ನಷ್ಟೇ ಡ್ರೋನ್‌ಗೆ ಕಟ್ಟಿದರು. ಕೊನೆಗೆ ಕಂಪನಿಯೇ ಇವರ ದಾರಿಗೆ ಬಂತು. 2022ರಲ್ಲಿ 'ಬೋನ್ಸ್' ಎಂಬ ಹೆಸರಿನಲ್ಲಿ, ಅಂದರೆ ಬರೀ ಎಲುಬು, 54 ಗ್ರಾಂನ ಕ್ಯಾಮೆರಾ ಬಿಟ್ಟಿತು. ಅದರ ಮೂಲ ಮಾದರಿ 153 ಗ್ರಾಂ ಇತ್ತು.

ತೂಕದ ಜೊತೆ ಹೋದದ್ದು

ನಮ್ಮ ಗುಂಪಿನವರೊಬ್ಬರ ಹಳೇ ಡ್ರೋನನ್ನು ಒಮ್ಮೆ ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು. ಬರೀ ಡ್ರೋನ್ ಗೆರೆಯೊಳಗಿತ್ತು. ಫ್ಯಾನಿನ ಸುತ್ತ ಹಾಕುವ ಗಾರ್ಡ್ ಸಿಕ್ಕಿಸಿದ್ದೇ ತಡ, ಅಂಕಿ 250 ದಾಟಿತು. ನಿಯಮ ಹೇಳುವುದು ಡಬ್ಬಿ ಮೇಲಿನ ತೂಕವನ್ನಲ್ಲ, ಮೇಲೇರುವಾಗ ಇರುವ ಒಟ್ಟು ತೂಕವನ್ನು. ಗಾರ್ಡ್, ಲೈಟು ಎಲ್ಲ ಸೇರಿ.

ಗಾರ್ಡ್ ಇರುವುದು ಬೆರಳು, ಕಣ್ಣು, ಮಕ್ಕಳ ಮುಖ ಉಳಿಸಲು. ಜನರ ಜೀವ ಉಳಿಯಲಿ ಎಂದು ಎಳೆದ ಗೆರೆ ಅದನ್ನೇ ಬಿಚ್ಚಿಡುವಂತೆ ಮಾಡಿತು. ಮೊದಲ ಮಿನಿಯಲ್ಲಿ ಎದುರಿನ ಮರ, ಕಂಬ ಗುರುತಿಸುವ ಸೆನ್ಸರ್ ಕೂಡ ಇರಲಿಲ್ಲ. 2022ರ ಮಿನಿ 3 ಪ್ರೊನಲ್ಲಿ 249 ಗ್ರಾಂ ಒಳಗೇ ಅದನ್ನು ಕೂರಿಸಿದರು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತು.

ಹೊಲದಲ್ಲಿ ಔಷಧಿ ಹೊಡೆಯುವ ಡ್ರೋನ್‌ಗಳಲ್ಲಿ ಹಲವಕ್ಕೆ ಹತ್ತು ಲೀಟರ್ ಟ್ಯಾಂಕೇ ಯಾಕೆ ಎಂದು ರೈತರು ಕೇಳುವುದುಂಟು. ಟ್ಯಾಂಕ್ ತುಂಬಿದಾಗಲೂ 25 ಕೆಜಿ ದಾಟಬಾರದು, ದಾಟಿದರೆ 'ಮೀಡಿಯಂ' ಆಗಿಬಿಡುತ್ತದೆ. ಅಲ್ಲೂ ತಕ್ಕಡಿಯದೇ ಆಟ.

249 ಎಂದು ಬರೆದಿದ್ದರೆ ಎಲ್ಲ ಮಾಫಿ ಎಂದು ತಿಳಿಯಬೇಡಿ. ರೆಡ್ ಝೋನ್‌ನಲ್ಲಿ ಅದಕ್ಕೂ ಅನುಮತಿ ಬೇಕು. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೂ ನಿಷೇಧವಿದೆ. ಮುಂದಿನ ಸಲ ಮದುವೆಯಲ್ಲಿ ಡ್ರೋನ್ ಹಾರಿಸುವವರು ಸಿಕ್ಕರೆ, ತೂಕ ಎಷ್ಟು ಎಂದು ಕೇಳುವ ಮೊದಲು ಗಾರ್ಡ್ ಹಾಕಿದ್ದೀರಾ ಎಂದು ಕೇಳಿ. ಮಕ್ಕಳು ಕೂತ ಕಡೆ ಮಾತ್ರ ತರಬೇಡಿ ಎಂದೂ ಹೇಳಿ.