ಬೆಳಕಿನಲ್ಲಿ ಹೃದಯಕೋಶದ ಪರೀಕ್ಷೆ: ಔಷಧ ಮಿಡಿತ ಕೆಡಿಸುತ್ತದೆಯೇ?

ಹೊಸ ಔಷಧವೊಂದು ಹೃದಯದ ಲಯಕ್ಕೆ ತೊಂದರೆ ಮಾಡುತ್ತದೆಯೇ ಎಂದು ನೋಡಲು ಇತ್ತೀಚೆಗೆ ಪ್ರಯೋಗಾಲಯಗಳು ಬೆಳಕನ್ನು ಬಳಸುತ್ತಿವೆ. ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಹೃದಯಕೋಶಗಳನ್ನು ಒಂದು ಬಣ್ಣದ ಬೆಳಕು ಮಿಡಿಸುತ್ತದೆ. ಆ ಮಿಡಿತದ ವಿದ್ಯುತ್ತನ್ನು ಇನ್ನೊಂದು ಬಣ್ಣದ ಬೆಳಕು ಓದುತ್ತದೆ. ಸೂಜಿ, ತಂತಿ ಯಾವುದೂ ಕೋಶವನ್ನು ಮುಟ್ಟುವುದಿಲ್ಲ. ಪ್ರಚೋದನೆ ಮತ್ತು ಅಳತೆ ಎರಡೂ ಬೆಳಕಿನಿಂದಲೇ ನಡೆಯುವ ಈ ವಿಧಾನವನ್ನು ಆಲ್-ಆಪ್ಟಿಕಲ್ ಎಲೆಕ್ಟ್ರೋಫಿಸಿಯಾಲಜಿ ಎನ್ನುತ್ತಾರೆ.

ಅಲರ್ಜಿ ಮಾತ್ರೆ ಕಲಿಸಿದ ಪಾಠ

ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ನೆಗಡಿ, ಸೀನು ನಿಲ್ಲಿಸುತ್ತಿತ್ತು, ಹಳೆಯ ಮಾತ್ರೆಗಳ ಹಾಗೆ ತೂಕಡಿಕೆ ತರುತ್ತಿರಲಿಲ್ಲ. ಜನ ಮೆಚ್ಚಿಕೊಂಡರು. ಆದರೆ ಅದನ್ನು ನುಂಗಿದ ಕೆಲವರಲ್ಲಿ ಹೃದಯದ ಲಯ ಏಕಾಏಕಿ ತಪ್ಪಿತು, ಸಾವುಗಳೂ ಆದವು. ಹೆಚ್ಚಿನವರ ದೇಹದಲ್ಲಿ ಯಕೃತ್ತು ಈ ಮಾತ್ರೆಯನ್ನು ಬೇಗನೆ ಫೆಕ್ಸೋಫೆನಡಿನ್ ಎಂಬ ನಿರಪಾಯಕಾರಿ ರೂಪಕ್ಕೆ ತಿರುಗಿಸುತ್ತದೆ. ಆದರೆ ಶಿಲೀಂಧ್ರಕ್ಕೆ ಕೊಡುವ ಕೀಟೋಕೊನಜೋಲ್ ಅಥವಾ ಬ್ಯಾಕ್ಟೀರಿಯಾಕ್ಕೆ ಕೊಡುವ ಎರಿತ್ರೋಮೈಸಿನ್ ಜೊತೆಗೆ ತೆಗೆದುಕೊಂಡರೆ, ಈ ಕೆಲಸ ಮಾಡುವ ಯಕೃತ್ತಿನ ಕಿಣ್ವಕ್ಕೆ ತಡೆ ಬೀಳುತ್ತದೆ. ಆಗ ಮೂಲ ಔಷಧ ರಕ್ತದಲ್ಲಿ ಏರಿ ಹೃದಯಕ್ಕೆ ತಗಲುತ್ತದೆ. 1998ರ ಹೊತ್ತಿಗೆ ಟರ್ಫೆನಡಿನ್ ಅಮೆರಿಕದ ಅಂಗಡಿಗಳಿಂದ ಮರೆಯಾಯಿತು. ಅದರ ಜಾಗಕ್ಕೆ ಬಂದ ಫೆಕ್ಸೋಫೆನಡಿನ್ ಇವತ್ತು ನಮ್ಮೂರಿನ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತದೆ. ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್ ಕೂಡ ಇದೇ ದೋಷಕ್ಕಾಗಿ 2000ದಲ್ಲಿ ಅಮೆರಿಕದ ಮಾರುಕಟ್ಟೆ ಬಿಟ್ಟಿತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಈ ಎರಡೂ ಹೃದ್ರೋಗದ ಔಷಧಗಳಲ್ಲ ಎಂಬುದನ್ನು ಗಮನಿಸಬೇಕು. ಹೃದಯಕ್ಕೂ ತಮಗೂ ಸಂಬಂಧವಿಲ್ಲವೆಂದು ತೋರುವ ಔಷಧಗಳೇ ಇಲ್ಲಿ ಹೆಚ್ಚು ಮೋಸ ಮಾಡಿವೆ.

ಕೆಡುವುದು ಎಲ್ಲಿ?

ಹೃದಯದ ಕೋಶವೊಂದು ಸಂಕುಚಿಸುವ ಮೊದಲು ಅದರ ಪೊರೆಯಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಮೊದಲು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಹಿಂದೆಯೇ ಕ್ಯಾಲ್ಸಿಯಂ ಬಂದು ಸ್ನಾಯುವನ್ನು ಬಿಗಿಸುತ್ತದೆ. ಕೊನೆಗೆ ಪೊಟ್ಯಾಸಿಯಂ ಹೊರಹರಿದು ಕೋಶ ಮತ್ತೆ ಶಾಂತವಾಗುತ್ತದೆ. ಹೃತ್ಕುಕ್ಷಿಯ ಕೋಶದಲ್ಲಿ ಇಷ್ಟೂ ಮುಗಿಯಲು ಸುಮಾರು 300 ಮಿಲಿಸೆಕೆಂಡು ಸಾಕು.

ಪೊಟ್ಯಾಸಿಯಂ ಹೊರಹೋಗುವ ಚಾನೆಲ್‌ಗಳಲ್ಲಿ ಹರ್ಗ್ ಎಂಬುದು ಮುಖ್ಯವಾದದ್ದು. ಅದರ ಒಳಗಿನ ಪೊಳ್ಳು ದೊಡ್ಡದು, ಹಾಗಾಗಿ ತರಹೇವಾರಿ ಔಷಧದ ಅಣುಗಳು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಚಾನೆಲ್ ಮುಚ್ಚಿದರೆ ಕೋಶ ಶಾಂತವಾಗುವುದು ತಡವಾಗಿ, ಇಸಿಜಿಯಲ್ಲಿ ಕ್ಯೂಟಿ ಅಂತರ ಹಿಗ್ಗುತ್ತದೆ. ಅದು 500 ಮಿಲಿಸೆಕೆಂಡು ದಾಟಿದರೆ ವೈದ್ಯರು ಆತಂಕಪಡುತ್ತಾರೆ. ಆಗ ಟೊರ್ಸಾಡ್ ಡಿ ಪಾಯಿಂಟ್ ಎಂಬ ಅಪಾಯಕಾರಿ ಲಯಭಂಗ ಕಾಣಿಸಿಕೊಳ್ಳಬಹುದು. 1966ರಲ್ಲಿ ಇದನ್ನು ಗುರುತಿಸಿ ವಿವರಿಸಿದವರು ಫ್ರಾನ್ಸಿನ ವೈದ್ಯ ಫ್ರಾಂಸ್ವಾ ಡೆಸರ್ಟೆನ್. 2020ರಲ್ಲಿ ಕೋವಿಡ್‌ಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಹಂಚುವಾಗ ಇಸಿಜಿಯ ಮಾತು ಎದ್ದದ್ದು ಇದೇ ಭಯದಿಂದ.

ಒಂದೇ ಚಾನೆಲ್ ನೋಡಿದರೆ ಸಾಲದು

2005ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಪ್ರತಿ ಹೊಸ ಔಷಧಕ್ಕೂ ಹರ್ಗ್ ಪರೀಕ್ಷೆಯನ್ನೂ ಮನುಷ್ಯರಲ್ಲಿ ಕ್ಯೂಟಿ ಅಳತೆಯನ್ನೂ ಬೇಡಿದವು. ಅಲ್ಲಿಂದೀಚೆಗೆ ಇಂಥ ದೋಷಕ್ಕಾಗಿ ಮಾರುಕಟ್ಟೆಯಿಂದ ವಾಪಸಾಗುವ ಔಷಧಗಳು ಬಹುಮಟ್ಟಿಗೆ ನಿಂತವು. ಆದರೆ ಜರಡಿ ಅತಿ ಬಿಗಿಯಾಯಿತು.

ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಹರ್ಗ್ ಚಾನೆಲ್ಲನ್ನು ಚೆನ್ನಾಗಿಯೇ ತಡೆಯುತ್ತದೆ. ಜೊತೆಗೆ ಕ್ಯಾಲ್ಸಿಯಂ ಚಾನೆಲ್ಲನ್ನೂ ತಡೆಯುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಸರಿದೂಗಿಸುತ್ತದೆ. ಟೊರ್ಸಾಡ್ ತರುವ ಔಷಧವೆಂಬ ಹೆಸರು ಅದಕ್ಕಿಲ್ಲ. ಹರ್ಗ್ ಒಂದನ್ನೇ ನೋಡಿ ತೀರ್ಪು ಕೊಟ್ಟರೆ ಇಂಥ ಒಳ್ಳೆಯ ಔಷಧ ಹುಟ್ಟುವ ಮೊದಲೇ ಕಸದ ಬುಟ್ಟಿ ಸೇರುತ್ತದೆ. ಹಾಗಾಗಿ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತಿತರರು ಸಿಪಾ ಎಂಬ ಯೋಜನೆ ಆರಂಭಿಸಿದರು. ಹಲವು ಚಾನೆಲ್‌ಗಳ ಅಳತೆ, ಕಂಪ್ಯೂಟರ್ ಮಾದರಿ ಮತ್ತು ಇಡೀ ಹೃದಯಕೋಶದ ಪರೀಕ್ಷೆಯನ್ನು ಒಟ್ಟಿಗಿಟ್ಟು ನೋಡಬೇಕೆಂಬುದು ಅದರ ನಿಲುವು. ಬೆಳಕಿನ ವಿಧಾನಕ್ಕೆ ಬೆಲೆ ಬಂದದ್ದು ಇಡೀ ಕೋಶವನ್ನು ನೋಡಬೇಕಾದ ಈ ಕಡೆಯ ಭಾಗದಲ್ಲಿ.

ಓದುವ ಬೆಳಕು

ಕೋಶದ ವಿದ್ಯುತ್ತನ್ನು ಅತಿ ನಿಖರವಾಗಿ ಅಳೆಯುವುದು ಪ್ಯಾಚ್ ಕ್ಲ್ಯಾಂಪ್. ಅದನ್ನು ರೂಪಿಸಿದ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ ಅವರಿಗೆ 1991ರ ನೊಬೆಲ್ ಬಂತು. ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯನ್ನು ಒಂದೊಂದೇ ಕೋಶಕ್ಕೆ ಅಂಟಿಸುವ ಕೆಲಸವದು. ನುರಿತ ಕೈ ಬೇಕು, ದಿನವಿಡೀ ಕೂತರೂ ಮುಗಿಯುವುದು ಬೆರಳೆಣಿಕೆಯ ಕೋಶಗಳು.

ಬೆಳಕಿನ ದಾರಿಯಲ್ಲಿ ಈ ಕಷ್ಟವಿಲ್ಲ. ಪೊರೆಯಲ್ಲಿ ಕೂರುವ ಕೆಲವು ಬಣ್ಣಗಳ ಹೊಳಪು ವೋಲ್ಟೇಜಿಗೆ ತಕ್ಕಂತೆ ಏರಿಳಿಯುತ್ತದೆ. ಕ್ಯಾಲ್ಸಿಯಂ ಹೆಚ್ಚಿದಾಗ ಹೊಳೆಯುವ ಬಣ್ಣಗಳೂ ಇವೆ, 1980ರ ದಶಕದಲ್ಲಿ ರೋಜರ್ ಸಿಯೆನ್ ಅವರ ಕೆಲಸದಿಂದ ಇವು ಬಳಕೆಗೆ ಬಂದವು. ವೇಗದ ಕ್ಯಾಮೆರಾ ಈ ಹೊಳಪನ್ನು ಸೆರೆಹಿಡಿದರೆ ಪ್ರತಿ ಮಿಡಿತದ ಅವಧಿ ಮತ್ತು ಆಕಾರ ಪರದೆಯ ಮೇಲೆ ಬರುತ್ತದೆ. ಬಣ್ಣದ ಬದಲು ಕೋಶವೇ ತಯಾರಿಸಿಕೊಳ್ಳುವ ಹೊಳೆಯುವ ಪ್ರೋಟೀನ್‌ಗಳೂ ಬಂದಿವೆ. ಹಾರ್ವರ್ಡ್‌ನ ಆಡಂ ಕೋಹೆನ್ ತಂಡ 2014ರಲ್ಲಿ ಪ್ರಕಟಿಸಿದ ಕ್ವಾಸಾರ್ ಅಂಥದ್ದು. ಇದು ಕೆಂಪು ಬೆಳಕಿನಲ್ಲಿ ಕೆಲಸ ಮಾಡುತ್ತದೆ. ನೀಲಿಯನ್ನು ಇನ್ನೊಂದು ಕೆಲಸಕ್ಕೆ ಮೀಸಲಿಡಬೇಕಾದ್ದರಿಂದ ಕೆಂಪು ಬೇಕೇ ಬೇಕು.

ಮಿಡಿಸುವ ಬೆಳಕು

ಆ ಇನ್ನೊಂದು ಕೆಲಸ ಕೋಶವನ್ನು ಮಿಡಿಸುವುದು. ಕ್ಲ್ಯಾಮಿಡೊಮೊನಾಸ್ ಎಂಬ ಹಸಿರು ಪಾಚಿ ಬೆಳಕಿನ ಜಾಡು ಹಿಡಿದು ಈಜುವುದು ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನಿನ ನೆರವಿನಿಂದ. ನೀಲಿ ಬೆಳಕು ತಾಗಿದೊಡನೆ ಅದು ತೆರೆದು ಅಯಾನುಗಳನ್ನು ಒಳಬಿಡುತ್ತದೆ. ಜರ್ಮನಿಯ ಪೀಟರ್ ಹೇಗೆಮನ್, ಗಿಯೋರ್ಗ್ ನಾಗೆಲ್, ಅರ್ನ್ಸ್ಟ್ ಬಾಂಬರ್ಗ್ 2002 ಮತ್ತು 2003ರಲ್ಲಿ ಇದನ್ನು ಬಿಡಿಸಿ ತೋರಿಸಿದರು. 2005ರಲ್ಲಿ ನರಕೋಶಗಳಿಗೆ ಸೇರಿದ ಈ ಪ್ರೋಟೀನ್ 2010ರಲ್ಲಿ ಹೃದಯಕ್ಕೂ ಬಂತು, ಜರ್ಮನಿಯ ಬಾನ್ ನಗರದ ಸಂಶೋಧಕರು ಇಲಿಯ ಹೃದಯವನ್ನು ಬೆಳಕಿನಿಂದಲೇ ಮಿಡಿಸಿದರು.

ಹೃದಯಕೋಶಗಳ ವಂಶವಾಹಿಯನ್ನು ಮುಟ್ಟದೆಯೂ ಇದು ಸಾಧ್ಯ. ಎಮಿಲಿಯಾ ಎಂಟ್ಚೆವಾ ಅವರ ತಂಡ ಅಮೆರಿಕದಲ್ಲಿ ತೋರಿಸಿದಂತೆ, ಚಾನೆಲ್‌ರೊಡಾಪ್ಸಿನ್ ಇರುವ ಬೇರೆ ಬಗೆಯ ಒಂದಿಷ್ಟು ಕೋಶಗಳನ್ನು ಹೃದಯಕೋಶಗಳ ನಡುವೆ ಬೆರೆಸಿದರಾಯಿತು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಕ್ಕಪಕ್ಕದ ಕೋಶಗಳ ನಡುವಿನ ಸಂಪರ್ಕದ್ವಾರಗಳಿಂದ ವಿದ್ಯುತ್ತು ಹರಿದು ಇಡೀ ಪದರ ಒಟ್ಟಿಗೆ ಮಿಡಿಯುತ್ತದೆ. ಇದೇ ತಂಡ 2016ರಲ್ಲಿ ಆಪ್ಟೋಡೈಸ್ ಎಂಬ ಸ್ವಯಂಚಾಲಿತ ವ್ಯವಸ್ಥೆಯನ್ನು ವಿವರಿಸಿತು. 384 ಗುಳಿಗಳ ತಟ್ಟೆಯಲ್ಲಿ ಗುಳಿಗೊಂದರಂತೆ ಔಷಧ ಅಥವಾ ಪ್ರಮಾಣ ಬದಲಿಸಿ ಸಾಲಾಗಿ ಪರೀಕ್ಷಿಸುವುದು ಇಂಥ ವ್ಯವಸ್ಥೆಗಳ ಗುರಿ.

ಮಿಡಿತದ ವೇಗ ಕೈಯಲ್ಲಿರುವುದು ಏಕೆ ಮುಖ್ಯ? ಡೊಫೆಟಿಲೈಡ್‌ನಂಥ ಹರ್ಗ್ ತಡೆಗಳ ಪರಿಣಾಮ ಹೃದಯ ನಿಧಾನವಾಗಿ ಮಿಡಿಯುವಾಗಲೇ ಹೆಚ್ಚು. ತಟ್ಟೆಯ ಕೋಶಗಳು ತಮ್ಮಿಷ್ಟದಂತೆ ಮಿಡಿಯುತ್ತಿದ್ದರೆ ಬದಲಾವಣೆ ಔಷಧದ್ದೋ ವೇಗದ್ದೋ ತಿಳಿಯದು. ತಂತಿಯಿಂದ ಮಿಡಿಸಬಹುದು, ಆದರೆ ಪ್ರತಿ ಗುಳಿಗೂ ತಂತಿ ಇಳಿಸಬೇಕು, ದ್ರವದಲ್ಲಿ ಗುಳ್ಳೆ ಏಳುತ್ತದೆ, ಲೋಹ ಸವೆಯುತ್ತದೆ. ಬೆಳಕಿಗೆ ಈ ತಾಪತ್ರಯಗಳಿಲ್ಲ.

ಕೋಶಗಳು ಮತ್ತು ಅವುಗಳ ಕೊರತೆ

ಬದುಕಿರುವವರ ಹೃದಯದಿಂದ ಬೇಕಾದಷ್ಟು ಕೋಶ ತೆಗೆಯುವಂತಿಲ್ಲ. ಜಪಾನಿನ ಶಿನ್ಯಾ ಯಮನಾಕಾ ಚರ್ಮದ ಕೋಶಗಳನ್ನು ಕಾಂಡಕೋಶದ ಸ್ಥಿತಿಗೆ ಮರಳಿಸಿದ್ದರಿಂದ ದಾರಿ ತೆರೆಯಿತು. ಮನುಷ್ಯರ ಕೋಶಗಳಲ್ಲಿ ಇದು ಸಾಧ್ಯವಾದದ್ದು 2007ರಲ್ಲಿ, ಅವರಿಗೆ ನೊಬೆಲ್ ಸಿಕ್ಕಿದ್ದು 2012ರಲ್ಲಿ. ಆ ಕಾಂಡಕೋಶಗಳಿಂದ ಹೃದಯಕೋಶ ಬೆಳೆಸುವುದು ಈಗ ರೂಢಿಯ ಕೆಲಸ.

ಈ ಕೋಶಗಳು ಬಲಿತವುಗಳಲ್ಲ. ಗುಣದಲ್ಲಿ ಭ್ರೂಣದ ಹೃದಯಕ್ಕೆ ಹತ್ತಿರ: ತಾವಾಗಿಯೇ ಮಿಡಿಯುತ್ತವೆ, ವಿಶ್ರಾಂತಿಯ ವೋಲ್ಟೇಜ್ ವಯಸ್ಕರ ಕೋಶದಷ್ಟು ಆಳಕ್ಕೆ ಇಳಿಯುವುದಿಲ್ಲ. ಬಣ್ಣಗಳೂ ತೀಕ್ಷ್ಣ ಬೆಳಕೂ ಕೋಶಕ್ಕೆ ಸ್ವಲ್ಪ ಹಾನಿ ಮಾಡುತ್ತವೆ. ನೀಲಿ ಬೆಳಕು ದಪ್ಪ ಅಂಗಾಂಶದೊಳಗೆ ಇಳಿಯದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು: ತಟ್ಟೆಯಲ್ಲಿ ಯಕೃತ್ತಿಲ್ಲ. ಔಷಧ ದೇಹದೊಳಗೆ ಯಾವ ರೂಪಕ್ಕೆ ತಿರುಗುತ್ತದೆ, ಜೊತೆಯ ಮಾತ್ರೆ ಅದನ್ನು ಎಷ್ಟು ಏರಿಸುತ್ತದೆ ಎಂಬುದು ಅಲ್ಲಿ ತಾನಾಗಿ ಕಾಣುವುದಿಲ್ಲ. ಟರ್ಫೆನಡಿನ್ ಕೊಂದದ್ದು ಹಾಗೆಯೇ.

ಕಾನೂನಂತೂ ಕೋಶ ಪರೀಕ್ಷೆಗಳ ಕಡೆ ವಾಲಿದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಪ್ರಾಣಿಪ್ರಯೋಗದ ಕಡ್ಡಾಯವನ್ನು ಕೈಬಿಟ್ಟಿತು. 2023ರಲ್ಲಿ ಭಾರತವೂ ಹೊಸ ಔಷಧಗಳ ನಿಯಮ ತಿದ್ದಿ ಕೋಶ ಆಧಾರಿತ ವಿಧಾನಗಳಿಗೆ ಅವಕಾಶ ಕೊಟ್ಟಿತು. ಆದರೂ ಯಾವ ತಟ್ಟೆಗೂ ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಏನೇನಿದೆ ಎಂದು ಗೊತ್ತಿರುವುದಿಲ್ಲ. ಹೊಸ ಔಷಧ ಬರೆಸಿಕೊಳ್ಳುವಾಗ ಈಗಾಗಲೇ ನುಂಗುತ್ತಿರುವ ಎಲ್ಲವನ್ನೂ ವೈದ್ಯರಿಗೆ ಹೇಳಿ.