ಸೀಸದ ತೂಕ, ಜಿಂಕೆಯ ಜೀವ: ಬಾಯಿಯಿಂದ ತುಂಬುವ ರೈಫಲ್ಲಿನ ಕ್ಯಾಲಿಬರ್ ಚರಿತ್ರೆ

ನಮ್ಮ ಮಲೆನಾಡು, ಕೊಡಗಿನವರು ಕೇಪಿನ ಕೋವಿ ಎನ್ನುವ ಬಂದೂಕಿಗೆ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಯಿಂದಲೇ ತುಂಬಬೇಕು. ಅದೇ ಕುಲದ, ಆದರೆ ನಳಿಗೆಯೊಳಗೆ ಸುರುಳಿ ತೋಡುಗಳನ್ನು ಕೊರೆದ ರೈಫಲ್ ಉತ್ತರ ಅಮೆರಿಕದಲ್ಲಿ ಹದಿನೆಂಟನೆಯ ಶತಮಾನದಿಂದ ಜಿಂಕೆ ಬೇಟೆಯ ಮುಖ್ಯ ಆಯುಧವಾಗಿತ್ತು. ಅದರ ನಳಿಗೆಯ ಒಳವ್ಯಾಸ, ಅಂದರೆ ಕ್ಯಾಲಿಬರ್, ಎಷ್ಟಿರಬೇಕೆಂಬುದನ್ನು ಬೇಟೆಯ ಪ್ರಾಣಿಯೊಂದೇ ನಿರ್ಧರಿಸಿತು ಎಂದುಕೊಳ್ಳುವುದು ಸುಲಭ. ಬೇಟೆಗಾರ ಕಾಡಿನಲ್ಲಿ ಹೊತ್ತು ನಡೆಯಬೇಕಾಗಿದ್ದ ಸೀಸದ ತೂಕಕ್ಕೂ ಅದರಲ್ಲಿ ಅಷ್ಟೇ ಪಾಲಿತ್ತು. ಪ್ರಾಣಿಯನ್ನು ನರಳಿಸದೆ ಕೊಲ್ಲಬೇಕೆಂಬ ಹೊಣೆ ಕ್ಯಾಲಿಬರಿನ ನಿಯಮವಾಗಿ ಕಾಣಿಸಿಕೊಂಡದ್ದು ಬಹಳ ತಡವಾಗಿ ಎಂಬುದು ಈ ಲೇಖನದ ವಾದ.

ಲೆಕ್ಕದಿಂದ ಆರಂಭಿಸೋಣ. ಉರುಟು ಗುಂಡಿನ ತೂಕ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 0.40 ಅಂಗುಲದ ನಳಿಗೆಗೆ ಹೊಂದುವ ಸೀಸದ ಗುಂಡು ಸುಮಾರು 6 ಗ್ರಾಂ ತೂಗಿದರೆ, 0.45ರದ್ದು 8 ಗ್ರಾಂ ದಾಟುತ್ತದೆ, 0.50ರದ್ದು ಹನ್ನೊಂದೂವರೆ ಗ್ರಾಂ, 0.54ರದ್ದು ಹದಿನಾಲ್ಕೂವರೆ. ಹತ್ತನೇ ಒಂದು ಅಂಗುಲ ಅಗಲವಾದರೆ ಸಾಕು, ತೂಕ ಹೆಚ್ಚುಕಡಿಮೆ ಇಮ್ಮಡಿ. ತಿರುಗಿಸಿ ನೋಡಿದರೆ, ಒಂದು ಪೌಂಡು ಸೀಸದಲ್ಲಿ 0.40ರ ಗುಂಡುಗಳು ಸುಮಾರು 76 ಸಿಗುತ್ತವೆ, 0.50ರವು 40 ಮಾತ್ರ. ತಿಂಗಳುಗಟ್ಟಲೆ ಅಂಗಡಿಯ ಮುಖ ಕಾಣದವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಳೆಯ ಕುಶಲಕರ್ಮಿಗಳೂ ಗಿರಾಕಿಗಳೂ ನಳಿಗೆಯನ್ನು ಅಂಗುಲದಲ್ಲಿ ಹೇಳದೆ, ಪೌಂಡಿಗೆ ಎಷ್ಟು ಗುಂಡು ಎಂದೇ ಹೇಳುತ್ತಿದ್ದುದಕ್ಕೆ ಈ ಹಿನ್ನೆಲೆಯಿತ್ತು.

ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಕುಶಲಕರ್ಮಿಗಳು ತಂದದ್ದು ಯೇಗರ್ ಎಂಬ ಗಿಡ್ಡ, ಅಗಲ ನಳಿಗೆಯ ರೈಫಲ್. ಹದಿನೆಂಟನೆಯ ಶತಮಾನದ ನಡುವೆ ಲ್ಯಾಂಕಾಸ್ಟರ್ ಸುತ್ತಮುತ್ತ ಅದರ ರೂಪ ಬದಲಾಯಿತು. ನಳಿಗೆ ಮೂರೂವರೆ ಅಡಿಗೂ ಮೀರಿ ಉದ್ದವಾಯಿತು, ಒಳವ್ಯಾಸ ಕಿರಿದಾಯಿತು. ಜಿಡ್ಡು ಸವರಿದ ಬಟ್ಟೆತುಂಡಿನಲ್ಲಿ ಗುಂಡನ್ನು ಸುತ್ತಿ ಕೋಲಿನಿಂದ ತಳ್ಳುವುದು ರೂಢಿಗೆ ಬಂತು. ತೋಡನ್ನು ಹಿಡಿದು ಗುಂಡಿಗೆ ತಿರುಗುವಿಕೆ ಕೊಡುವುದು ಆ ಬಟ್ಟೆಯೇ. 1792ರಲ್ಲಿ ಅಮೆರಿಕದ ಸರ್ಕಾರ ಪೆನ್ಸಿಲ್ವೇನಿಯಾದ ಕುಶಲಕರ್ಮಿಗಳಿಂದ ಮಾಡಿಸಿದ ರೈಫಲ್ಲುಗಳ ಅಳತೆ ಸುಮಾರು 0.49 ಅಂಗುಲ.

ಜಿಂಕೆಯ ತೊಗಲು ಆಗ ದೊಡ್ಡ ವ್ಯಾಪಾರದ ಸರಕು. ಬೇಟೆಗಾರ ಡೇನಿಯಲ್ ಬೂನ್ 1769ರಲ್ಲಿ ಕೆಂಟಕಿಯ ಕಾಡು ಹೊಕ್ಕದ್ದು ಅದೇ ತೊಗಲಿಗಾಗಿ. ಹೀಗೆ ದೀರ್ಘಕಾಲ ಕಾಡಿನಲ್ಲೇ ಉಳಿಯುತ್ತಿದ್ದವರು ಮದ್ದು, ಸೀಸ ಎರಡನ್ನೂ ಎಣಿಸಿ ಬಳಸಬೇಕಿತ್ತು.

ಇಲ್ಲಿ ಆಧಾರಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಉಳಿದುಬಂದ ರೈಫಲ್ಲಿನ ಬಾಯಿಗೆ ಮಾಪಕ ಇಟ್ಟು, ಇದು ಅಂದಿನ ಕ್ಯಾಲಿಬರ್ ಎಂದು ಬರೆದುಬಿಡುವುದು ಸರಿಯಲ್ಲ. ಮೆದು ಕಬ್ಬಿಣದ ನಳಿಗೆ ಬಳಕೆಯಿಂದ ಸವೆಯುತ್ತಿತ್ತು, ಮದ್ದಿನ ಮಸಿಯಿಂದ ತುಕ್ಕು ತಿನ್ನುತ್ತಿತ್ತು. ಆಗ ಕುಶಲಕರ್ಮಿ ಒಳಮೈಯನ್ನು ಕೆರೆದು ತೋಡುಗಳನ್ನು ಮತ್ತೆ ಕೊರೆಯುತ್ತಿದ್ದ. ಪ್ರತಿ ಸಲವೂ ನಳಿಗೆ ಒಂದಿಷ್ಟು ಅಗಲವಾಗುತ್ತಿತ್ತು. ಹುಟ್ಟಿದಾಗ 0.45 ಇದ್ದ ಕೋವಿ ಇಂದು 0.50 ಎಂದು ಕಾಣಿಸಿದರೆ ಅಚ್ಚರಿಯಿಲ್ಲ. ಎಲ್ಲರಿಗೂ ಒಂದೇ ಅಳತೆಯ ಗುಂಡು ಆಗ ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಪ್ರತಿ ರೈಫಲ್ಲಿನ ಜೊತೆಗೂ ಅದಕ್ಕೇ ಹೊಂದುವ ಗುಂಡಿನ ಅಚ್ಚನ್ನು ಕೊಡುತ್ತಿದ್ದರು. ಕೋವಿ ಮತ್ತು ಅಚ್ಚು ಜೊತೆಯಾಗಿ ಉಳಿದಿದ್ದರೆ ಮಾತ್ರ ಸಾಕ್ಷ್ಯ ಗಟ್ಟಿಯಾಗುತ್ತದೆ.

ಸೀಸ, ಮದ್ದಿನ ಲೆಕ್ಕಾಚಾರಕ್ಕೆ ನಾನು ಕಂಡ ಅತ್ಯುತ್ತಮ ದಾಖಲೆ ಅಮೆರಿಕದ ಪಶ್ಚಿಮವನ್ನು ಅರಸಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಶೋಧಯಾತ್ರೆಯದು (1804–06). ಮೆರಿವೆದರ್ ಲೂಯಿಸ್ ಮದ್ದನ್ನು ಮರದ ಪೀಪಾಯಿಯಲ್ಲಿ ಒಯ್ಯದೆ ಸೀಸದ ಡಬ್ಬಿಗಳಲ್ಲಿ ತುಂಬಿ ಮುಚ್ಚಿಸಿದ. ಅಂಥವು 52, ಒಂದೊಂದೂ 8 ಪೌಂಡು ಸೀಸ, ಒಳಗೆ 4 ಪೌಂಡು ಮದ್ದು. ನದಿಯಲ್ಲಿ ಬಿದ್ದರೂ ಮದ್ದು ಒದ್ದೆಯಾಗದು. ಮದ್ದು ಮುಗಿದರೆ ಡಬ್ಬಿಯನ್ನೇ ಕರಗಿಸಿ ಗುಂಡು ಎರೆಯಬಹುದು. ಅರ್ಧ ಔನ್ಸಿನ ಗುಂಡು, ಅಂದರೆ ಹೆಚ್ಚುಕಡಿಮೆ 0.54 ಕ್ಯಾಲಿಬರ್ ಎಂದಿಟ್ಟುಕೊಂಡರೆ, ಒಂದು ಡಬ್ಬಿಯಿಂದ 256 ಗುಂಡು; ಪ್ರತಿ ಈಡಿಗೆ ಗುಂಡಿನ ಅರ್ಧ ತೂಕದ ಮದ್ದು. ಇಷ್ಟು ಅಚ್ಚುಕಟ್ಟಾದ ಯೋಜನೆ ಬೇಟೆಯ ಚರಿತ್ರೆಯಲ್ಲಿ ಅಪರೂಪ.

ಪಶ್ಚಿಮಕ್ಕೆ ಹೋದಂತೆ ನಳಿಗೆ ಮತ್ತೆ ಅಗಲವಾಯಿತು. ಅಲ್ಲಿ ಬಿಳಿಬಾಲದ ಜಿಂಕೆಯ ಜೊತೆಗೆ ಎಲ್ಕ್, ಕಾಡೆಮ್ಮೆ, ಗ್ರಿಜ್ಲಿ ಕರಡಿಗಳೂ ಎದುರಾಗುತ್ತಿದ್ದವು. ಸಾಮಾನು ಹೊರಲು ಕುದುರೆಯಿತ್ತು. ಸೇಂಟ್ ಲೂಯಿಸ್‌ನ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಸೋದರರ ಗಿಡ್ಡ, ಭಾರದ ರೈಫಲ್ಲುಗಳು 0.53–0.54ರ ಆಸುಪಾಸಿನಲ್ಲಿದ್ದುದಕ್ಕೆ ಇದೇ ಕಾರಣ. ಪ್ರಾಣಿಯೂ ತೀರ್ಪಿನಲ್ಲಿ ಪಾಲು ಪಡೆಯಿತು, ನಿಜ. ಆದರೆ ತೂಕ ಹೊರುವವರು ಬದಲಾದ ಮೇಲಷ್ಟೇ ಆ ಪಾಲು ಹಿಗ್ಗಿತು ಎಂಬುದನ್ನು ಮರೆಯಬಾರದು.

ಉರುಟು ಗುಂಡಿನ ವಿಜ್ಞಾನಕ್ಕೆ ಮಹತ್ವದ ಕೊಡುಗೆ ಬಂದದ್ದು ಭಾರತದ ಕಾಡುಗಳಿಂದ. ಮಧ್ಯಪ್ರಾಂತ್ಯದಲ್ಲಿ ಕೆಲಸ ಮಾಡಿದ ಬಂಗಾಳ ಸೇನೆಯ ಅಧಿಕಾರಿ ಜೇಮ್ಸ್ ಫೋರ್ಸಿತ್ 1863ರಲ್ಲಿ ಬೇಟೆಯ ರೈಫಲ್ ಮತ್ತು ಅದರ ಗುಂಡುಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ತೋಡಿನ ಸುರುಳಿ ಬಿಗಿಯಾಗಿದ್ದು ಮದ್ದು ಹೆಚ್ಚಾದರೆ ಗುಂಡು ತೋಡನ್ನು ಬಿಟ್ಟು ಜಾರುತ್ತದೆ. ಅಗಲ ನಳಿಗೆ, ಬಹಳ ನಿಧಾನವಾಗಿ ಸುತ್ತುವ ತೋಡು, ಧಾರಾಳ ಮದ್ದು ಇವು ಕೂಡಿದರೆ ಗುಂಡು ನೇರವಾಗಿ ಹೋಗಿ ಬಲವಾಗಿ ಬಡಿಯುತ್ತದೆ ಎಂಬುದು ಅವನ ವಾದ. ಇಂದಿಗೂ ದೊಡ್ಡ ಕ್ಯಾಲಿಬರಿನ ಉರುಟು ಗುಂಡಿನ ರೈಫಲ್ ಮಾಡುವವರು ಅವನ ಹೆಸರನ್ನು ಹೇಳುತ್ತಾರೆ.

ಹಿಂಬದಿಯಿಂದ ತೋಟಾ ತುಂಬುವ ಬಂದೂಕು ಬಂದ ಮೇಲೆ ಈ ಕಲೆ ಮೂಲೆಗೆ ಸರಿಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯ ಬೇಟೆಯಿಂದ ಜಿಂಕೆಗಳೂ ನಶಿಸುತ್ತ ಬಂದಿದ್ದವು. 1900ರ ಹೊತ್ತಿಗೆ ಅಲ್ಲಿ ಉಳಿದ ಬಿಳಿಬಾಲದ ಜಿಂಕೆಗಳು ಸುಮಾರು ಐದು ಲಕ್ಷ ಎಂಬ ಅಂದಾಜಿದೆ. ಕಾನೂನು ಮೀರಿ ಕೊಂದ ಪ್ರಾಣಿಗಳ ವ್ಯಾಪಾರವನ್ನು ತಡೆಯಲು ಆ ವರ್ಷವೇ ಬಂದ ಲೇಸಿ ಕಾಯಿದೆ, ಆಮೇಲಿನ ರಾಜ್ಯಗಳ ನಿರ್ಬಂಧಗಳು ಅವನ್ನು ಉಳಿಸಿದವು. ಸಂಖ್ಯೆ ಚೇತರಿಸಿದ ಮೇಲೆ ಹಳೆಯ ಕೋವಿಗೆಂದೇ ಪ್ರತ್ಯೇಕ ಋತುಗಳು ಬಂದವು. ಪೆನ್ಸಿಲ್ವೇನಿಯಾ 1974ರಲ್ಲಿ ಚಕಮಕಿ ಕಲ್ಲಿನ ರೈಫಲ್ಲಿಗೆ ಜಿಂಕೆ ಋತುವನ್ನು ತೆರೆಯಿತು. ಕ್ಯಾಲಿಬರಿನ ಕನಿಷ್ಠ ಮಿತಿ, ಅಂದರೆ ಪ್ರಾಣಿಯನ್ನು ನರಳಿಸದೆ ಕೊಲ್ಲುವ ಹೊಣೆ, ಕಾನೂನಿನ ಪುಸ್ತಕ ಸೇರಿದ್ದು ಇಂಥ ಋತುಗಳ ಜೊತೆಗೆ. ಪೆನ್ಸಿಲ್ವೇನಿಯಾದಲ್ಲಿ ಅದು 0.44, ಕೊಲೊರಾಡೊದಲ್ಲಿ ಜಿಂಕೆಗೆ 0.40, ಎಲ್ಕ್‌ಗೆ 0.50.

0.40 ಸಾಕೆನ್ನುವ ನಿಯಮ ಉರುಟು ಗುಂಡಿನ ಮಟ್ಟಿಗೆ ಸಡಿಲವೆಂದೇ ನನ್ನ ಅಭಿಪ್ರಾಯ. ಉರುಟು ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. 100 ಗಜ ಮುಟ್ಟುವಷ್ಟರಲ್ಲಿ ವೇಗದ ಮೂರನೇ ಒಂದು ಪಾಲಿಗೂ ಹೆಚ್ಚು ಕಳೆದಿರುತ್ತದೆ. 6 ಗ್ರಾಮಿನ ಗುಂಡಿಗೆ ಆ ಮೇಲೆ ಉಳಿಯುವ ಬಲ ಅತ್ಯಲ್ಪ; ಗಾಯಗೊಂಡ ಜಿಂಕೆ ಓಡಿಹೋಗಿ ಎಲ್ಲೋ ನರಳುತ್ತದೆ. 1970ರಲ್ಲಿ ಥಾಂಪ್ಸನ್ ಸೆಂಟರ್ ಸಂಸ್ಥೆ ಹಾಕನ್ ಹೆಸರಿನ ರೈಫಲ್ಲನ್ನು ಹೊರತಂದ ನಂತರ, 1985ರಲ್ಲಿ ಕೋವಿ ತಯಾರಕ ಟೋನಿ ನೈಟ್‌ನ ಹೊಸ ಮಾದರಿ ಬಂದ ನಂತರ, ಬೇಟೆಗಾರರು ಬಹುಪಾಲು 0.50ರಲ್ಲಿ ನೆಲೆನಿಂತರು. ಜಿಂಕೆಯ ದೃಷ್ಟಿಯಿಂದ ಅದು ಸರಿಯಾದ ಆಯ್ಕೆ.

ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆಯಿಂದಾಗಿ ಜಿಂಕೆ ಬೇಟೆ ಅಪರಾಧ. ನಮ್ಮ ಮಟ್ಟಿಗೆ ಇದು ಚರಿತ್ರೆಯ ವಿಷಯ ಮಾತ್ರ, ಹಾಗೇ ಇರಬೇಕು. ಹಳೆಯ ಕೋವಿಗಳನ್ನು ಕಾಪಾಡುತ್ತಿರುವ ಸಂಗ್ರಹಾಲಯಗಳಲ್ಲಿ, ಮನೆತನಗಳಲ್ಲಿ ನನ್ನದೊಂದು ವಿನಂತಿ: ಕೋವಿಯ ಜೊತೆಗೆ ಗುಂಡಿನ ಅಚ್ಚು ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ, ಎರಡನ್ನೂ ಅಳೆದು, ಒಂದೇ ದಾಖಲೆಯಲ್ಲಿ ಬರೆದಿಡಿ.