ಮಳೆ, ಬೆಲೆ, ಎದುರಾಳಿ: ಮರುಗೆಲುವಿನ ಅಧ್ಯಯನ ನಡೆದು ಬಂದ ದಾರಿ

ಗದಗ ಜಿಲ್ಲೆಯ ಸೂಡಿ ಗ್ರಾಮ ಸೇರಿರುವ ರೋಣ ವಿಧಾನಸಭಾ ಕ್ಷೇತ್ರ 2008ರಲ್ಲಿ ಬಿಜೆಪಿಯ ಕಳಕಪ್ಪ ಬಂಡಿ ಅವರನ್ನು ಗೆಲ್ಲಿಸಿತು, 2013ರಲ್ಲಿ ಕಾಂಗ್ರೆಸ್ಸಿನ ಜಿ.ಎಸ್. ಪಾಟೀಲರನ್ನು. 2018ರಲ್ಲಿ ಮತ್ತೆ ಬಂಡಿ, 2023ರಲ್ಲಿ ಮತ್ತೆ ಪಾಟೀಲ. ನಾಲ್ಕೂ ಸಲ ಇಲ್ಲಿ ಗೆದ್ದ ಪಕ್ಷಕ್ಕೇ ರಾಜ್ಯದಲ್ಲಿ ಅತಿ ಹೆಚ್ಚು ಸ್ಥಾನ ಸಿಕ್ಕವು. ಕುರ್ಚಿಯಲ್ಲಿದ್ದವರು ಉಳಿಯುವುದೂ ಉರುಳುವುದೂ ಯಾವುದರಿಂದ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರ ಸಿಗಲಾರದು.

ಈ ಪ್ರಶ್ನೆಯನ್ನು ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ವಿದ್ವಾಂಸರು. ಮತದಾರ ಮುಂದಿನ ಭರವಸೆಗಿಂತ ಕಳೆದ ಆಡಳಿತವನ್ನು ತೂಗಿ ನೋಡುತ್ತಾನೆ ಎಂದು ವಿ.ಓ. ಕೀ 1966ರ ಪುಸ್ತಕದಲ್ಲಿ ವಾದಿಸಿದರು. 1971ರಲ್ಲಿ ಜೆರಾಲ್ಡ್ ಕ್ರೇಮರ್ 1896ರಿಂದ 1964ರವರೆಗಿನ ಅಂಕಿಗಳನ್ನು ಜೋಡಿಸಿ, ಜನರ ಆದಾಯ ಕುಗ್ಗಿದಾಗ ಅಧ್ಯಕ್ಷರ ಪಕ್ಷದ ಮತವೂ ಕುಗ್ಗುತ್ತದೆ ಎಂದು ತೋರಿಸಿದರು. 1978ರಲ್ಲಿ ರೇ ಫೇರ್ ಅದನ್ನೇ ಅಧ್ಯಕ್ಷೀಯ ಚುನಾವಣೆಯ ಲೆಕ್ಕವಾಗಿಸಿದರು.

ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು 1980ರ ದಶಕದ ಆರಂಭದಲ್ಲಿ ಗ್ಯಾರಿ ಜೇಕಬ್‌ಸನ್ ಮತ್ತು ಸ್ಯಾಮ್ಯುಯೆಲ್ ಕರ್ನೆಲ್ ಮುಂದಿಟ್ಟ ಮಾತು. ಕಾಲ ಚೆನ್ನಾಗಿದ್ದಾಗ ಬಲಿಷ್ಠ ಎದುರಾಳಿಗಳು ಕಣಕ್ಕಿಳಿಯದೆ ಕಾಯುತ್ತಾರೆ. ಹಾಗಾಗಿ ಅಧಿಕಾರಸ್ಥರಿಗೆ ದುರ್ಬಲರೇ ಎದುರಾಗುತ್ತಾರೆ. ಕಾಲ ಕೆಟ್ಟಾಗ ಗಟ್ಟಿಗರು ಹೊರಬರುತ್ತಾರೆ. ಅಂದರೆ ಆರ್ಥಿಕತೆ ಮತದಾರನ ಮನಸ್ಸನ್ನಷ್ಟೇ ಅಲ್ಲ, ಮತಪತ್ರದ ಮೇಲಿನ ಹೆಸರುಗಳನ್ನೂ ನಿರ್ಧರಿಸುತ್ತದೆ.

ಭಾರತಕ್ಕೆ ಬಂದಾಗ ಲೆಕ್ಕ ತಿರುಗಿತು. ಅಮೆರಿಕದಲ್ಲಿ ಹಾಲಿ ಸದಸ್ಯನಿಗೆ ಸ್ಥಾನವೇ ಬಲ. ಯೋಗೇಶ್ ಉಪ್ಪಲ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಮ್ಮ ಶಾಸಕರಿಗೆ ಅದೇ ಹೊರೆ. ಕೋಲ್, ಹೀಲಿ, ವರ್ಕರ್ ಎಂಬ ಮೂವರು 2012ರಲ್ಲಿ ಮಳೆಯನ್ನೇ ಅಳತೆಗೋಲಾಗಿಸಿದರು: ಮಳೆ ಕೈಕೊಟ್ಟರೆ ಜನ ಆಳುವವರನ್ನು ಶಿಕ್ಷಿಸುತ್ತಾರೆ, ಪರಿಹಾರ ಚುರುಕಾಗಿ ಬಂದರೆ ಸಿಟ್ಟು ಕೊಂಚ ತಗ್ಗುತ್ತದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುವ ಎರೆ ಸೀಮೆಯ ರೈತನಿಗೆ ಇದನ್ನು ವಿವರಿಸಬೇಕಿಲ್ಲ.

ಆದರೂ ಮಳೆಯೊಂದೇ ಸರ್ಕಾರ ಕೆಡವುವುದಿಲ್ಲ. ಪಕ್ಕದ ನರಗುಂದವನ್ನು ನೋಡಿ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕೆಂದಾಗ ರೈತರು ಎದ್ದರು; 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಆ ಕಿಚ್ಚು ರಾಜ್ಯಕ್ಕೆ ಹಬ್ಬಿತು. ಆದರೆ ಅದನ್ನು ಮತವಾಗಿಸಲು 1983ರಲ್ಲಿ ಜನತಾ ಪಕ್ಷ ಬೇಕಾಯಿತು. ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಗುಂಡೂರಾವ್ ತಮ್ಮ ಕ್ಷೇತ್ರದಲ್ಲೇ ಸೋತರು. ಮುಂದೆ 1984ರ ಲೋಕಸಭೆಯಲ್ಲಿ ರಾಜ್ಯದ 28ರಲ್ಲಿ 24 ಗೆದ್ದ ಕಾಂಗ್ರೆಸ್ಸಿಗೆ, ಕೆಲವೇ ತಿಂಗಳಲ್ಲಿ ವಿಧಾನಸಭೆಯಲ್ಲಿ ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಎದುರು ನಿಲ್ಲಲಾಗಲಿಲ್ಲ. ಹೆಗಡೆಯವರಿಗೆ ಸಮನಾದ ಮುಖ ಅದರಲ್ಲಿರಲಿಲ್ಲ. ಜನತಾ ಪಕ್ಷಕ್ಕೆ 139 ಸ್ಥಾನ. ಅದರ ನಂತರ ಕರ್ನಾಟಕದಲ್ಲಿ ಆಳುವ ಪಕ್ಷವೊಂದು ಬಹುಮತದೊಂದಿಗೆ ಮರಳಿ ಬಂದದ್ದಿಲ್ಲ.

ರೋಣದಲ್ಲಿ ದುರ್ಬಲ ಎದುರಾಳಿ ಎಂಬುದೇ ಇಲ್ಲ. ಸೋತವರು ಊರು ಬಿಡುವುದಿಲ್ಲ, ಮದುವೆ, ಜಾತ್ರೆ, ತೀರಿಕೊಂಡವರ ಮನೆ ಯಾವುದನ್ನೂ ತಪ್ಪಿಸುವುದಿಲ್ಲ. ಐದು ವರ್ಷ ಕಾದು ಮತ್ತೆ ನಿಲ್ಲುತ್ತಾರೆ. ಹಾಲಿ ಶಾಸಕರ ಹೊರೆಗೆ ಅರ್ಧ ಕಾರಣ ಇದೇ ಎಂಬುದು ನನ್ನ ನಿಲುವು. ನಮ್ಮ ಅಧ್ಯಯನಗಳು ಮಳೆಯ ಮಿಲಿಮೀಟರು ಅಳೆದಷ್ಟು ಶ್ರದ್ಧೆಯಿಂದ ಎದುರಾಳಿಯ ಬಲವನ್ನು ಅಳೆದಿಲ್ಲ. ಧಾರವಾಡ, ಬೆಂಗಳೂರು, ಮೈಸೂರಿನ ರಾಜ್ಯಶಾಸ್ತ್ರ ವಿದ್ಯಾರ್ಥಿಗಳು ರೋಣದಂಥ ಒಂದೊಂದೇ ಕ್ಷೇತ್ರ ಹಿಡಿದು ಆ ಕೆಲಸ ಮಾಡಲಿ, ಕನ್ನಡದಲ್ಲೇ ಬರೆಯಲಿ.